ಕೊಸರು ಹುಣ್ಣಿಮೆ

ಮೇ ೧೨

ಮಾನ್ಯರೇ,

ಹನ್ನೊಂದು ವರ್ಷದ ಮೇಲೆ ನನ್ನಿಂದ ಪತ್ರ ಬಂದರೆ ಯಾರೋ ಹೋಗಿಬಿಟ್ಟಿರಬೇಕು ಎಂದುಕೊಳ್ಳುತ್ತೀರಿ. ಎಲ್ಲರೂ ಇದ್ದಾರೆ. ನಿಮ್ಮ ವಿಳಾಸ ನಮ್ಮ ನಿಘಂಟು ಕಚೇರಿಯ ಜವಾನನಿಂದ ಸಿಕ್ಕಿತು. ಅವನೊಬ್ಬನಿಗೆ ಮಾತ್ರ ನೀವು ಬರೆಯುತ್ತೀರಂತೆ.

ನಾನು ಎಡಗಣ್ಣಿನ ಪೊರೆ ತೆಗೆಸಿಕೊಂಡು ತಂಗಿಯ ಮನೆಯಲ್ಲಿದ್ದೇನೆ. ಓದಬಾರದು ಎಂದಿದ್ದಾರೆ ಡಾಕ್ಟರು. ಬರೆಯಬಾರದು ಎಂದು ಹೇಳಿಲ್ಲ. ಸಾಲು ಸೊಟ್ಟಗಿದ್ದರೆ ಕಾರಣ ಅದು.

ನಿನ್ನೆ ಮಧ್ಯಾಹ್ನ ತಂಗಿ ನನ್ನನ್ನು ತನ್ನ ಟೈಲರಮ್ಮನ ಅಂಗಡಿಗೆ ಕರೆದುಕೊಂಡು ಹೋದಳು. ಎರಡು ಹೊಲಿಗೆ ಯಂತ್ರ, ಒಂದು ಬೆಂಚು, ಗೋಡೆಗೊಂದು ಕ್ಯಾಲೆಂಡರು. ತಂಗಿ ಹರಿದ ದಿಂಬಿನ ಚೀಲ ಮುಂದಿಟ್ಟಳು. ಟೈಲರಮ್ಮ ಅದನ್ನು ತಿರುಗಿಸಿ ನೋಡಿ, ಬಾಯಲ್ಲಿದ್ದ ಗುಂಡುಸೂಜಿ ತೆಗೆಯದೆಯೇ ಹೇಳಿದಳು: "ಇದನ್ನ ಈಗ್ಯಾಕೆ ಕೊಡ್ತೀರ ಅಕ್ಕಾ? ಈ ವರ್ಷ ಕೊಸರು ಹುಣ್ಣಿಮೆ ಇದೆಯಲ್ಲ. ಆಗಸ್ಟ್ ಕೊನೆಗೆ ತನ್ನಿ, ಸುಮ್ನೆ ಹಾಕ್ಕೊಡ್ತೀನಿ."

ನಾನು ಬೆಂಚಿನ ಅಂಚು ಹಿಡಿದುಕೊಂಡೆ. "ಏನಂದ್ರಿ?" ಎಂದೆ.

"ಸುಮ್ನೆ ಅಂದೆ. ಕಾಸು ಬೇಡ ಅಂತ."

"ಅದಲ್ಲ. ಅದಕ್ಕೆ ಮುಂಚೆ ಏನೋ ಅಂದ್ರಲ್ಲ."

"ಕೊಸರು ಹುಣ್ಣಿಮೆ. ಯಾಕೆ, ನಿಮ್ಮ ಕಡೆ ಇಲ್ವಾ?" ಆಮೇಲೆ ತಂಗಿಯ ಕಡೆ ತಿರುಗಿ, "ಪಾಪ, ಕಣ್ಣಿಗೆ ಬಿಟ್ಟ ಮದ್ದು ಕಿವಿಗೆ ಇಳಿದಿದೆ" ಎಂದಳು.

ನಿಮಗೆ ನೆನಪಿಸುವ ಅಗತ್ಯವಿಲ್ಲ. ದಾಖಲೆಗಾಗಿ ಬರೆಯುತ್ತೇನೆ. ಊರೂರು ತಿರುಗಿ ಜನರ ಬಾಯಿಂದ ಪದ ಆರಿಸಿ ತರುತ್ತಿದ್ದ ಸಂಗ್ರಾಹಕರು ನೀವು. ಆ ಪದಗಳು ನಿಜವೇ ಎಂದು ನೋಡುವವಳು ನಾನು. ಹನ್ನೊಂದು ವರ್ಷದ ಕೆಳಗೆ ನೀವು ಒಂದು ಚೀಟಿ ತಂದಿರಿ: 'ಕೊಸರು ಹುಣ್ಣಿಮೆ. ವರ್ಷಕ್ಕೆ ಹನ್ನೆರಡರ ಬದಲು ಹದಿಮೂರು ಹುಣ್ಣಿಮೆ ಬಂದಾಗ, ಒಂದೇ ತಿಂಗಳಲ್ಲಿ ಎರಡನೆಯದಾಗಿ ಬರುವುದು. ಹೇಳಿದವರು: ಒಬ್ಬ ದೋಣಿಯವನು.' ತರಕಾರಿಯವಳು ತೂಗಿ ಕೊಟ್ಟ ಮೇಲೆ ಒಂದು ಹಿಡಿ ಕೊಸರು ಹಾಕುವ ಹಾಗೆ, ವರ್ಷ ಹಾಕುವ ಕೊಸರು. ಪದ ಚೆನ್ನಾಗಿತ್ತು. ಅತಿ ಚೆನ್ನಾಗಿತ್ತು, ಅದೇ ನನ್ನ ಅನುಮಾನ. ನೂರಾ ನಲವತ್ತು ಊರುಗಳ ವಾಚನಾಲಯಕ್ಕೆ ಪ್ರಶ್ನೆ ಕಳಿಸಿದೆ. ನಾಲ್ಕು ತಿಂಗಳಲ್ಲಿ ಒಂದು ಊರಿನಿಂದಲೂ 'ಹೌದು' ಬರಲಿಲ್ಲ. ನೀವು ತಿರುಗಾಟದಲ್ಲಿದ್ದಾಗ ಸಮಿತಿಯ ಮುಂದೆ ಚೀಟಿಯ ಮೇಲೆ ಗೆರೆ ಎಳೆದು 'ಸಂಗ್ರಾಹಕರ ಸೃಷ್ಟಿ' ಎಂದು ಬರೆದೆ. ನೀವು ಬಂದಿರಿ, ಜವಾನ ಹೇಳಿದ, ನೀವು ಹೋದಿರಿ.

ನಿಘಂಟಿನ ಕೊನೆಯ ಅನುಬಂಧ ಸೆಪ್ಟೆಂಬರ್ ಮೊದಲ ವಾರ ಅಚ್ಚಿಗೆ ಹೋಗುತ್ತದೆ. ಅದರ ಜೊತೆ ನನ್ನ ಕೆಲಸವೂ ಮುಗಿಯುತ್ತದೆ. ನಿಯಮ ನಿಮಗೆ ಗೊತ್ತು. ಪದವನ್ನು ತಮ್ಮ ಸ್ವಂತ ಅಗತ್ಯಕ್ಕೆ ಬಳಸುವ, ಒಬ್ಬರಿಂದೊಬ್ಬರು ಕಲಿಯದ, ಇಬ್ಬರು ಸಾಕ್ಷಿಗಳು ಬೇಕು. ಟೈಲರಮ್ಮ ಒಬ್ಬಳು. ದೋಣಿಯವನ ಊರು, ಕಡವು, ಹೆಸರು ತಿಳಿಸಿದರೆ ಇನ್ನೊಬ್ಬರು ಆಗುತ್ತಾರೆ. ನಾನು ತಪ್ಪು ಮಾಡಿದ್ದರೆ ಅದು ಅದೇ ನಿಘಂಟಿನಲ್ಲಿ ತಿದ್ದಿಹೋಗಬೇಕು.

ಇತಿ,
ಪರಿಶೀಲನಾ ಸಂಪಾದಕಿ


ಮೇ ೨೪

ಸಾಣೆ,

'ಮಾನ್ಯರೇ' ಓದಿ ಲಕೋಟೆ ಬೇರೆ ಯಾರದೋ ಎಂದು ತಿರುಗಿಸಿ ನೋಡಿದೆ. ಹದಿನೇಳು ವರ್ಷ ಎದುರು ಬದುರು ಮೇಜಿನಲ್ಲಿ ಕೂತು 'ಲೋ ಜೋಳಿಗೆ, ನಿನ್ನ ಅಕ್ಷರ ಇರುವೆಗೂ ಓದಕ್ಕಾಗಲ್ಲ' ಅನ್ನುತ್ತಿದ್ದವಳು ಈಗ ನನಗೆ 'ನೀವು' ಅಂತೀಯ. ಒಳ್ಳೆ ಚಳಿ ಹುಟ್ಟಿಸಿದೆ. ನೀನು ಸಾಣೆಕಲ್ಲೇ, ಈಗಲೂ.

ನಾನಿಲ್ಲಿ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುತ್ತೇನೆ. ಯಾವ ಗಾಡಿ, ಯಾವ ಪ್ಲಾಟ್‌ಫಾರಂ, ಎಷ್ಟು ತಡ. ಜನರ ಮಾತು ಕೇಳಿ ತಿರುಗುತ್ತಿದ್ದವನ ಮಾತನ್ನು ಈಗ ಜನ ಬೈದುಕೊಂಡು ಕೇಳುತ್ತಾರೆ. ನಿನ್ನ ಪತ್ರವನ್ನು ಮೈಕಿನ ಪಕ್ಕದಲ್ಲೇ ಒಡೆದೆ. ಟೈಲರಮ್ಮನ ಮಾತಿಗೆ ಬಂದಾಗ ಎರಡನೇ ಪ್ಲಾಟ್‌ಫಾರಂ ಅನ್ನಬೇಕಾದ ಕಡೆ ನಾಲ್ಕನೇದು ಅಂದುಬಿಟ್ಟೆ. ಇನ್ನೂರು ಜನ ಗಂಟುಮೂಟೆ ಹೊತ್ತು ಮೇಲ್ಸೇತುವೆ ಹತ್ತಿದರು, ಪುನಃ ಇಳಿದರು. ಸ್ಟೇಷನ್ ಮಾಸ್ಟರು ಬಂದು "ಏನ್ರೀ, ಕುಡಿದಿದ್ದೀರಾ?" ಅಂದರು. "ಇಲ್ಲ ಸಾರ್, ಗೆದ್ದಿದ್ದೀನಿ" ಅಂದೆ. ಅವರಿಗೆ ಅರ್ಥವಾಗಲಿಲ್ಲ. ಸಂಜೆಗೆ ಒಂದು ಮೆಮೊ ಬಂತು.

ಚಹಾ ಅಂಗಡಿಯವನಿಗೂ ಓದಿ ಹೇಳಿದೆ. ನನ್ನ ಹಳೆ ಕಥೆ ಅವನಿಗೆ ಬಾಯಿಪಾಠ. ಅವನು ಒಂದು ಲೋಟ ಚಹಾ ಸುಮ್ಮನೆ ಕೊಟ್ಟ.

ಗುಂಡುಸೂಜಿ ಬಾಯಲ್ಲಿಟ್ಟುಕೊಂಡೇ ಅಂದಳಾ ಅವಳು? ನಿಜವಾಗಿ ಹಾಗೇ ಅಂದಳಾ? ಇನ್ನೂ ಯಾರು ಯಾರು ಅಂತಾರೆ, ಕೇಳಿ ಬರಿ. ಒಂದಕ್ಷರ ಬಿಡಬೇಡ.

ದೋಣಿಯವನು ಹೋಗಿ ಬಹಳ ಕಾಲವಾಯಿತು. ಅವನ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ಗಾಡಿ ಬಂತು.

ಜೋಳಿಗೆ


ಜೂನ್ ೯

ಜೋಳಿಗೆ,

ಸರಿ, ನೀನು. ಬರೆದ ಮೇಲೆ ಕೈಗೂ ಹಾಯಾಯಿತು.

ಇನ್ನೊಂದು ಕಣ್ಣೂ ಆಯಿತು. ಪೊರೆ ಇದ್ದಾಗ ನನಗೆ ಮೂರು ಚಂದ್ರ ಕಾಣುತ್ತಿದ್ದವು, ಒಂದರ ಮೇಲೊಂದು ಸರಿಯಾಗಿ ಅಂಟಿಸದ ಚೀಟಿಗಳ ಹಾಗೆ. ಇವತ್ತು ಬೆಳಿಗ್ಗೆ ಏಳು ಗಂಟೆಗೆ ಟೆರೇಸಿಗೆ ಹೋದೆ. ಹುಣ್ಣಿಮೆ ಕಳೆದು ಐದು ದಿನದ ಚಂದ್ರ ನೀರಿನ ಟ್ಯಾಂಕಿನ ಮೇಲೆ, ಹಗಲು ಬೆಳಕಲ್ಲಿ, ಒಂದೇ ಒಂದು. ಕರಗುತ್ತಿರುವ ಕಡೆಯ ಅಂಚು ಒರಟಾಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ತಂಗಿ ಬಟ್ಟೆ ಒಣಗಿಸುತ್ತಾ, "ಅಷ್ಟು ನೋಡಬೇಡ ಕಣೆ, ಸವೆದುಹೋಗುತ್ತೆ" ಅಂದಳು.

ಈಗ ವರದಿ. ಇಸ್ತ್ರಿ ಅಂಗಡಿಯವನು ಅನ್ನುತ್ತಾನೆ: "ಕೊಸರು ಹುಣ್ಣಿಮೆ ದಿನ ಹತ್ತು ಬಟ್ಟೆ ಕೊಟ್ಟರೆ ಹನ್ನೊಂದನೇದು ನಂದು." ಕನ್ನಡಕದಂಗಡಿಯ ಹುಡುಗಿ ತಡವಾಗಿ ಹುಟ್ಟಿದ ತನ್ನ ತಮ್ಮನಿಗೆ "ಅವನು ನಮ್ಮನೆ ಕೊಸರು ಹುಣ್ಣಿಮೆ" ಅನ್ನುತ್ತಾಳೆ. ನೋಡು, ಪದ ತನ್ನ ಅರ್ಥ ಬಿಟ್ಟು ನಡೆಯಲು ಶುರು ಮಾಡಿದೆ. ಬದುಕಿರುವ ಪದಗಳು ಮಾತ್ರ ಹೀಗೆ ಮಾಡುತ್ತವೆ. ಅವಳು ಅದನ್ನು ಅಂದಾಗ ನನಗೆ ಅಕ್ಷರ ಓದುವ ಪರೀಕ್ಷೆ ನಡೆಯುತ್ತಿತ್ತು. ಕೊನೆಯ ಸಾಲಿನವರೆಗೂ ತಡೆಯದೆ ಓದಿದೆನಂತೆ.

ಕಣ್ಣಾಸ್ಪತ್ರೆಯ ಕಾವಲುಗಾರ ಹುಣ್ಣಿಮೆಯಂದು ರೋಗಿಗಳ ಗಲಾಟೆ ಜಾಸ್ತಿ ಅನ್ನುತ್ತಾನೆ. ನರ್ಸು, "ಅವತ್ತು ಇವನ ಗಲಾಟೆನೇ ಜಾಸ್ತಿ" ಅನ್ನುತ್ತಾಳೆ. ಟೈಲರಮ್ಮ ಏರುವ ಚಂದ್ರನಿದ್ದಾಗ ಮಾತ್ರ ಹೊಸ ಬಟ್ಟೆಗೆ ಕತ್ತರಿ ಹಾಕುತ್ತಾಳೆ. ಇಳಿಯುವ ಚಂದ್ರನಲ್ಲಿ ಕತ್ತರಿಸಿದರೆ ಬಟ್ಟೆ ಕುಗ್ಗುತ್ತದಂತೆ. ನೀರಲ್ಲಿ ಅದ್ದದೆ ಕತ್ತರಿಸಿದರೆ ಯಾವ ಚಂದ್ರನಲ್ಲೂ ಕುಗ್ಗುತ್ತದೆ ಎಂದೆ. "ಅದು ನನಗೂ ಗೊತ್ತು ಅಕ್ಕಾ" ಅಂದಳು, "ಹದಿನೈದು ದಿನ ತಡ ಆಗುತ್ತೆ ಅನ್ನೋಕೆ ಗಿರಾಕಿಗೆ ಏನೋ ಒಂದು ಹೇಳಬೇಕಲ್ಲ."

ಇವರೆಲ್ಲ ಒಂದೇ ಬೀದಿಯವರು. ಒಬ್ಬರಿಂದೊಬ್ಬರು ಕಲಿತಿರಬಹುದು, ಆದ್ದರಿಂದ ನಿಯಮದ ಪ್ರಕಾರ ಎಲ್ಲರೂ ಸೇರಿ ಒಬ್ಬ ಸಾಕ್ಷಿ. ದೋಣಿಯವನು ಹೋಗಿದ್ದರೆ ಅವನ ಮಕ್ಕಳು, ಅಳಿಯ, ಪಕ್ಕದ ದೋಣಿಯವನು ಯಾರಾದರೂ ಸಾಕು. ಕಡವಿನ ಹೆಸರು ಬರಿ. ಇದು ಎರಡನೇ ಸಲ ಕೇಳುತ್ತಿದ್ದೇನೆ.

ಸಾಣೆ


ಜುಲೈ ೨

ಸಾಣೆ,

ಎರಡನೇ ಸಲ ಕೇಳಿದ್ದೀಯ. ಮೂರನೇ ಸಲ ಕೇಳಿಸಿಕೊಳ್ಳುವ ಶಕ್ತಿ ನನಗಿಲ್ಲ.

ಆ ಮಧ್ಯಾಹ್ನ ದೋಣಿಯಲ್ಲಿ ನಾವಿಬ್ಬರೇ. ಅವನು ಹುಟ್ಟು ಹಾಕುತ್ತಾ ಹನ್ನೆರಡು ಹುಣ್ಣಿಮೆಯ ಹೆಸರು ಹೇಳಿದ. ಮಂಜು ಹುಣ್ಣಿಮೆ, ಗಾಳಿ ಹುಣ್ಣಿಮೆ, ಮೀನು ಹುಣ್ಣಿಮೆ, ನೆರೆ ಹುಣ್ಣಿಮೆ, ಹೀಗೆ. ಹನ್ನೆರಡೂ ನಿನ್ನ ಸಂಪುಟಗಳಲ್ಲಿವೆ, ಹನ್ನೆರಡಕ್ಕೂ ಸಾಕ್ಷಿ ಸಿಕ್ಕಿದೆ. ನಾನು ಕೇಳಿದೆ, "ಹದಿಮೂರು ಬಂದ ವರ್ಷ?" ಅವನು ನಕ್ಕ. "ಅದಾ? ಅದು ಕೊಸರು ಬಿಡಿ" ಅಂದ. ದಡ ಬಂತು. ಇಳಿದೆ.

ಅಷ್ಟೇ ಅವನು ಹೇಳಿದ್ದು. 'ಕೊಸರು'. ಮೇಲೆ ಹತ್ತುವಾಗ ನನ್ನ ಬಾಯಲ್ಲಿ ಅದು 'ಕೊಸರು ಹುಣ್ಣಿಮೆ' ಆಗಿತ್ತು. ಉಳಿದ ಹನ್ನೆರಡರ ಸಾಲಿಗೆ ಎಷ್ಟು ಚೆನ್ನಾಗಿ ಕೂತಿತು ಅಂದರೆ, ಅವನೇ ಅಂದ ಅನ್ನಿಸಿತು. ಚೀಟಿ ಬರೆಯುವಾಗ ಒಂದು ಕ್ಷಣ ಕೈ ನಿಂತದ್ದು ನೆನಪಿದೆ. ಬರೆದೆ.

ನೀನು 'ಸೃಷ್ಟಿ' ಅಂದದ್ದು ಅರ್ಧ ನಿಜ. ಅದಕ್ಕೇ ಅಷ್ಟು ಸಿಟ್ಟು ಬಂದದ್ದು. ಪೂರ್ತಿ ಸುಳ್ಳಾಗಿದ್ದರೆ ನಿನ್ನ ಮುಂದೆ ಕೂತು ಜಗಳ ಆಡುತ್ತಿದ್ದೆ.

ಆದರೆ ನಿನ್ನ ಟೈಲರಮ್ಮನಿಗೆ ಅದು ಎಲ್ಲಿಂದ ಬಂತು? ನಾನು ಆ ಊರಿಗೆ ಕಾಲಿಟ್ಟಿಲ್ಲ. ಮೂರು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ.

ಜೋಳಿಗೆ


ಜುಲೈ ೨೦

ಜೋಳಿಗೆ,

ಇಷ್ಟು ದಿನ ಉತ್ತರ ಬರೆಯದಿದ್ದದ್ದು ಸಿಟ್ಟಿನಿಂದ ಅಲ್ಲ ಎಂದು ಶುರು ಮಾಡಿದ್ದೆ. ಹೊಡೆದುಹಾಕಿದೆ. ಸಿಟ್ಟಿನಿಂದಲೇ. ನಾನು ಎರಡು ತಿಂಗಳಿಂದ ನನ್ನ ತಪ್ಪನ್ನು ಹೊತ್ತು ಬೀದಿ ಬೀದಿ ಸುತ್ತುತ್ತಿದ್ದರೆ, ಅದರಲ್ಲಿ ಅರ್ಧ ನಿನ್ನದು ಎಂದು ನಿಧಾನವಾಗಿ ಹೇಳುತ್ತೀಯ.

ಆದರೆ ನಿನ್ನೆ ಏನಾಯಿತು ಎಂದು ಬರೆಯದೆ ಇರಲು ನನ್ನಿಂದ ಆಗುವುದಿಲ್ಲ. ನಿಧಾನವಾಗಿ ಓದು. ಮೈಕಿನ ಪಕ್ಕದಲ್ಲಿ ಓದಬೇಡ.

ಟೈಲರಮ್ಮನನ್ನು ನೇರವಾಗಿ ಕೇಳಿದೆ: "ಈ ಮಾತು ನಿಮಗೆ ಯಾರು ಹೇಳಿಕೊಟ್ಟರು?" ಅವಳು ಹಲ್ಲಲ್ಲಿ ದಾರ ಕಡಿದು, "ವಾಚನಾಲಯದಲ್ಲಿ ಹಾಕಿದ್ದಾರಲ್ಲ, ನೋಡಿಲ್ವಾ?" ಎಂದಳು. ಎರಡು ಬೀದಿ ದಾಟಿದರೆ ಅದು. ನಾನು ಓಡಲಿಲ್ಲ, ಆದರೆ ತಂಗಿ ಹಿಂದೆ ಉಳಿದಳು.

ಬಾಗಿಲ ಎಡಕ್ಕೆ ಸೂಚನಾ ಫಲಕ. ಅದರ ನಡುವೆ, ಗಾಜು ಹಾಕಿ ಚೌಕಟ್ಟು ಕಟ್ಟಿಸಿದ ಹಳದಿ ಕಾಗದ. ಅದರ ಕೆಳಗೆ ನನ್ನ ಸಹಿ.

ನನ್ನ ಪ್ರಶ್ನೆಪತ್ರ, ಜೋಳಿಗೆ. ಹನ್ನೊಂದು ವರ್ಷದ ಹಿಂದೆ ನಿನ್ನನ್ನು ಸುಳ್ಳೆಂದು ತೋರಿಸಲು ನೂರಾ ನಲವತ್ತು ಊರಿಗೆ ಕಳಿಸಿದ್ದರಲ್ಲಿ ಒಂದು. ಮೊದಲ ಪ್ರಶ್ನೆ: ನಿಮ್ಮ ಊರಿನಲ್ಲಿ 'ಕೊಸರು ಹುಣ್ಣಿಮೆ' ಎಂಬ ಪದ ಬಳಕೆಯಲ್ಲಿದೆಯೇ? ಎರಡನೆಯದು: ಅದು ಯಾವಾಗ ಬರುತ್ತದೆ? ಮೂರನೆಯದನ್ನು ಹಾಗೇ ಎತ್ತಿ ಬರೆಯುತ್ತೇನೆ: 'ಅಂದು ಯಾರಿಗಾದರೂ ಕೊಸರಾಗಿ ಏನಾದರೂ ಮಾಡಿಕೊಡುವ ರೂಢಿ ಇದೆಯೇ? (ಉದಾಹರಣೆಗೆ: ಹರಿದ ಬಟ್ಟೆಗೆ ಒಂದು ಹೊಲಿಗೆ.)'

ಉದಾಹರಣೆಗೆ. ಓದುವವರಿಗೆ ಸುಲಭವಾಗಲಿ ಎಂದು ನಾನು ಹಾಕಿದ್ದು. ಅಂಥ ರೂಢಿ ಯಾವ ಊರಲ್ಲೂ ಇರಲಿಲ್ಲ. ಅವತ್ತು ನನ್ನ ಸೀರೆಯ ಅಂಚು ಹರಿದಿತ್ತು, ಅಷ್ಟೇ.

ವಾಚನಾಲಯದ ಮೇಲ್ವಿಚಾರಕಿ ವಯಸ್ಸಾದವರು. ನಾನು ಯಾರೆಂದು ಹೇಳದೆ ಕೇಳಿದೆ.

"ದೊಡ್ಡ ಕಚೇರಿಯಿಂದ ಬಂದ ಕಾಗದ" ಎಂದರು. "ರೂಢಿ ಇದೆಯೇ ಅಂತ ಕೇಳಿದ್ದಾರೆ. ಇಲ್ಲ ಅಂತ ಬರೆದರೆ ಊರಿಗೆ ಮರ್ಯಾದೆ ಏನಮ್ಮ? ಅದಕ್ಕೇ ಶುರು ಮಾಡಿದ್ವಿ. ಇದು ನಾಲ್ಕನೇದು, ಪ್ರತಿ ಸಲ ಜೋರಾಗ್ತಿದೆ."

"ಹಾಗಾದರೆ ಅವರಿಗೆ ಉತ್ತರ ಯಾಕೆ ಬರೆಯಲಿಲ್ಲ?"

"ಹೊಸದರಲ್ಲಿ ಬರೆದರೆ ಸುಳ್ಳಾಗುತ್ತಲ್ಲ. ಗಟ್ಟಿಯಾಗಲಿ, ಆಮೇಲೆ ಬರೆಯೋಣ ಅಂತ."

ನಾನು ಪತ್ರಿಕೆಗಳ ಮೇಜಿನ ಮೇಲೆ ತಲೆಯಿಟ್ಟು ನಕ್ಕೆ. ಅಳುತ್ತಿದ್ದೇನೆ ಎಂದು ಯಾರೋ ನೀರು ತಂದರು. ಡಾಕ್ಟರು ಕಣ್ಣಿಗೆ ನೀರು ಸೋಕಬಾರದು ಎಂದಿದ್ದಾರೆ, ನಾನೇನು ಮಾಡಲಿ, ಒಳಗಿಂದಲೇ ಬರುತ್ತಿತ್ತು.

ಒಂದು ಮಾತು ನೀನು ಸೇರಿಸಿದೆ ಎಂದು ನಿನ್ನನ್ನು ಕಳೆದುಕೊಂಡೆ. ನಾನು ಒಂದು ರೂಢಿಯನ್ನೇ ಹುಟ್ಟಿಸಿ ಅಂಚೆಗೆ ಹಾಕಿದ್ದೆ.

ಈಗ ಕೆಲಸದ ಮಾತು. ಪದ ಬದುಕಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ನಿಯಮದ ಸಾಕ್ಷಿ ಇಲ್ಲ, ಎಲ್ಲ ದಾರಿಯೂ ನನ್ನ ಕಾಗದಕ್ಕೇ ಬರುತ್ತದೆ. ಎರಡು ಹಾದಿಗಳಿವೆ. ಸುಮ್ಮನಿದ್ದುಬಿಡುವುದು ಒಂದು. ಪದ ಹೊರಗಿರುತ್ತದೆ, ನೀನು ಸೇರಿಸಿದ್ದು ಯಾರಿಗೂ ತಿಳಿಯುವುದಿಲ್ಲ, ನಿನಗೆ ಅನ್ಯಾಯವಾಯಿತು ಎಂಬುದು ಹಾಗೇ ಉಳಿಯುತ್ತದೆ. ಇನ್ನೊಂದು, ಸಮಿತಿಯ ಮುಂದೆ ಎಲ್ಲವನ್ನೂ ಇಡುವುದು, ದೋಣಿಯಲ್ಲಿ ಆದದ್ದನ್ನೂ ಸೇರಿಸಿ. ಆಗ ಪದಕ್ಕೆ ಒಂದು ಅವಕಾಶವಿದೆ. ನಿನ್ನ ಒಪ್ಪಿಗೆ ಇಲ್ಲದೆ ಬಾಯಿ ಬಿಡುವುದಿಲ್ಲ. ಸಭೆ ಆಗಸ್ಟ್ ಹದಿನೆಂಟಕ್ಕೆ.

ಸಾಣೆ


ಆಗಸ್ಟ್ ೧

ಸಾಣೆ,

ಹತ್ತು ದಿನ ತೆಗೆದುಕೊಂಡೆ. ನನಗೆ ಅನ್ಯಾಯವಾಗಿದೆ ಎಂಬುದು ಹನ್ನೊಂದು ವರ್ಷದಿಂದ ನನ್ನ ಹತ್ತಿರ ಇದ್ದ ಒಂದೇ ದೊಡ್ಡ ವಸ್ತು. ಅದನ್ನು ಕೊಟ್ಟರೆ ಮನೆ ಖಾಲಿ ಖಾಲಿ ಅನ್ನಿಸುತ್ತೆ.

ಮೊದಲು ಚಹಾ ಅಂಗಡಿಯವನ ಮೇಲೆ ಪ್ರಯೋಗ ಮಾಡಿದೆ. ದೋಣಿಯಲ್ಲಿ ಆದದ್ದನ್ನು ಆದ ಹಾಗೇ ಹೇಳಿದೆ. ಅವನು ಲೋಟ ತೊಳೆಯುವುದನ್ನು ನಿಲ್ಲಿಸಿದ. "ಅಂದ್ರೆ ಸಾರ್, ಇಷ್ಟು ವರ್ಷ ಆಯಮ್ಮನ್ನ ನನ್ನ ಕೈಲಿ ಸುಮ್‌ಸುಮ್ನೆ ಬೈಸಿದ್ರಾ?"

"ಸುಮ್‌ಸುಮ್ನೆ ಅಲ್ಲ. ಅರ್ಧ."

"ನಾನು ಪೂರ್ತಿ ಬೈದಿದ್ದೀನಲ್ಲ" ಅಂದ. "ಮಿಕ್ಕ ಅರ್ಧ ಈಗ ನಿಮಗೆ ಬೈಯಲಾ?"

ಬೈದ. ಚೆನ್ನಾಗಿ ಬೈದ. ಆಮೇಲೆ ಆ ಮೂರನೇ ಪ್ರಶ್ನೆಯನ್ನು ಇನ್ನೊಮ್ಮೆ ಓದಿಸಿಕೊಂಡ. ನಾವಿಬ್ಬರೂ ಎಷ್ಟು ನಕ್ಕೆವೆಂದರೆ ಒಂದು ಗಾಡಿ ಘೋಷಣೆಯೇ ಇಲ್ಲದೆ ಬಂದು ಹೋಯಿತು.

ಎಲ್ಲ ಇಡು. ದೋಣಿ, ನಗು, ಕೈ ನಿಂತ ಆ ಒಂದು ಕ್ಷಣ, ಎಲ್ಲ. ನನ್ನನ್ನು ಉಳಿಸಲು ಒಂದು ವಾಕ್ಯವನ್ನೂ ಮೆತ್ತಗೆ ಮಾಡಬೇಡ. ಮಾಡಿದರೆ ನನಗೆ ಗೊತ್ತಾಗುತ್ತೆ.

ಜೋಳಿಗೆ


ಆಗಸ್ಟ್ ೧೯

ಜೋಳಿಗೆ,

ಆಯಿತು. ಕೂತುಕೊಂಡು ಓದು.

ನಿನ್ನೆ ಹನ್ನೊಂದಕ್ಕೆ ಸಭೆ. ಅಧ್ಯಕ್ಷರು, ವ್ಯಾಕರಣದ ಮೇಷ್ಟ್ರು, ಕಂಪ್ಯೂಟರಿನಲ್ಲಿ ಅಕಾರಾದಿ ಮಾಡುವ ಹೊಸ ಹುಡುಗಿ, ನಾನು. ಗಾಜಿನ ಚೌಕಟ್ಟನ್ನು ವಾಚನಾಲಯದಿಂದ ಎರವಲು ತಂದಿದ್ದೆ. ಮೇಜಿನ ಮೇಲಿಟ್ಟು, ಇಪ್ಪತ್ತು ನಿಮಿಷ ನಿಂತೇ ಮಾತಾಡಿದೆ. ನೀನು ಸೇರಿಸಿದ್ದು ಹೇಳಿದೆ. ನಾನು ಗೆರೆ ಎಳೆದದ್ದು, ನೀನಿಲ್ಲದಾಗ ಎಳೆದದ್ದು ಹೇಳಿದೆ. 'ಉದಾಹರಣೆಗೆ' ಎಂಬುದನ್ನೂ ಬಿಡದೆ ಓದಿದೆ.

ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಅಂದ್ರೆ ಒಬ್ಬರು ಹುಟ್ಟಿಸಿದ್ರು, ಇನ್ನೊಬ್ಬರು ಗೊತ್ತಿಲ್ಲದೆ ಸಾಕಿದ್ರು. ಮಗುವಿಗೆ ಹನ್ನೊಂದು ವರ್ಷ. ನೀವಿಬ್ಬರೂ ಮಾತ್ರ ಮಾತು ಬಿಟ್ಟಿದ್ರಿ" ಎಂದರು.

ಆಗ ಹೊಸ ಹುಡುಗಿ ಮೆಲ್ಲಗೆ ಕೈಯೆತ್ತಿದಳು. "ಮೇಡಂ, ನಮ್ಮನೇಲೂ ಕೊಸರು ಹುಣ್ಣಿಮೆ ಅಂತೀವಿ."

ನಾನು ಚೌಕಟ್ಟು ಪಕ್ಕಕ್ಕೆ ಸರಿಸಿ ಪೆನ್ನು ತೆಗೆದೆ. ಎರಡನೇ ಸಾಕ್ಷಿ. "ಯಾವ ಊರು? ಯಾರಿಂದ ಕಲಿತಿರಿ?"

"ಇಲ್ಲೇ ಮೇಡಂ. ಜವಾನಣ್ಣನಿಂದ."

ಬಾಗಿಲ ಹತ್ತಿರ ಚಹಾ ತಟ್ಟೆ ಹಿಡಿದು ನಿಂತಿದ್ದ ಜವಾನ ನೆಲ ನೋಡಿದ. ಅಧ್ಯಕ್ಷರು ಕೆಮ್ಮಿ, "ನನ್ನ ಮೊಮ್ಮಗಳೂ ಅಂತಾಳೆ. ನಾನೇ ಹೇಳಿಕೊಟ್ಟೆ" ಎಂದರು. ಮೇಷ್ಟ್ರು ನಕ್ಕರು. ಈ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಎಲ್ಲರೂ ಆ ಮಾತು ಆಡುತ್ತಿದ್ದಾರೆ, ಜೋಳಿಗೆ. ನನ್ನ ಮುಂದೆ ಮಾತ್ರ ಯಾರೂ ಆಡುವುದಿಲ್ಲ. ಜವಾನ ಅದನ್ನು ಕಲಿತದ್ದು ನಿನ್ನ ಚೀಟಿಯಿಂದ, ಅವನು ನನ್ನ ಪ್ರಶ್ನೆಪತ್ರವನ್ನು ನೋಡಿಯೇ ಇಲ್ಲ. ಟೈಲರಮ್ಮ ನಿನ್ನ ಚೀಟಿ ನೋಡಿಲ್ಲ. ಇಬ್ಬರೂ ತಮ್ಮ ಅಗತ್ಯಕ್ಕೆ ಆಡುತ್ತಾರೆ, ಒಬ್ಬರಿಂದೊಬ್ಬರು ಕಲಿತಿಲ್ಲ.

"ನಿಯಮ ಇಷ್ಟೇ ಕೇಳುವುದು" ಎಂದರು ಅಧ್ಯಕ್ಷರು. "ಅದರ ಮೇಲೆ ಪದ ಹೇಗೆ ಹುಟ್ಟಿತು ಅಂತ ಸುಳ್ಳಿಲ್ಲದೆ ಬರೆದರೆ ಸಾಕು."

ಪದ ನಿಘಂಟಿನ ಒಳಗೆ ಬಂತು. ಹೇಳಿಬಿಡುತ್ತೇನೆ, ನಾನು ನಿನ್ನೆ ಮೆಟ್ಟಿಲನ್ನು ಎರಡೆರಡಾಗಿ ಇಳಿದೆ. ಐವತ್ತೊಂಬತ್ತನೇ ವಯಸ್ಸಿಗೆ.

ಒಂದು ಷರತ್ತು. ಹಳೆಯ ಚೀಟಿಯಲ್ಲಿ 'ಹೇಳಿದವರು: ಒಬ್ಬ ದೋಣಿಯವನು' ಎಂದಿದೆ, ಅದು ಸರಿಯಲ್ಲ. ಸಂಗ್ರಾಹಕರ ಕೈಬರಹದಲ್ಲೇ ಹೊಸ ಚೀಟಿ ಬೇಕು, ಕೆಳಗೆ ನನ್ನ ಸಹಿ. ನಾಲ್ಕು ಖಾಲಿ ಚೀಟಿ ಇಟ್ಟಿದ್ದೇನೆ. ನಿನ್ನನ್ನು ಬಲ್ಲೆ, ಒಂದು ಸಾಲದು. ಮೂವತ್ತೊಂದರ ಒಳಗೆ ಕೈಸೇರಬೇಕು.

ಸಾಣೆ


ಆಗಸ್ಟ್ ೨೬

ಸಾಣೆ,

ಮೂರು ಹಾಳಾದವು. ಮೊದಲನೆಯದರಲ್ಲಿ ದೋಣಿಯವನ ಬಗ್ಗೆ ಜಾಸ್ತಿಯಾಯಿತು, ಎರಡನೆಯದರಲ್ಲಿ ನನ್ನ ಬಗ್ಗೆ, ಮೂರನೆಯದರಲ್ಲಿ ನಿನ್ನ ಬಗ್ಗೆ. ನಾಲ್ಕನೆಯದು ಹೀಗಿದೆ:

'ಕೊಸರು ಹುಣ್ಣಿಮೆ. ವರ್ಷಕ್ಕೆ ಹದಿಮೂರು ಹುಣ್ಣಿಮೆ ಬಂದಾಗ, ಒಂದೇ ತಿಂಗಳ ಎರಡನೆಯದು. "ಕೊಸರು" ಎಂದವನು ಒಬ್ಬ ದೋಣಿಯವನು. "ಹುಣ್ಣಿಮೆ" ಸೇರಿಸಿದವನು ಸಂಗ್ರಾಹಕ. ಅಂದು ಏನಾದರೂ ಸುಮ್ಮನೆ ಮಾಡಿಕೊಡುವ ರೂಢಿ ಸಂಪಾದಕಿಯ ಪ್ರಶ್ನೆಯಿಂದ ಹುಟ್ಟಿದ್ದು. ಈಗ ಎಲ್ಲರದು.'

ಓದಿದಾಗ ಚಹಾ ಅಂಗಡಿಯವನು "ಇಷ್ಟೇನಾ?" ಅಂದ. ಹನ್ನೊಂದು ವರ್ಷಕ್ಕೆ ಇದು ಬಹಳ ಚಿಕ್ಕದಾಯಿತಂತೆ.

ಲಕೋಟೆ ಅಲುಗಾಡಿಸಿ ಹುಡುಕಬೇಡ, ಚೀಟಿ ಇದರಲ್ಲಿಲ್ಲ. ಅಂಚೆಗೆ ಹಾಕಲು ಎರಡು ಸಲ ಹೋಗಿ ವಾಪಸು ಬಂದೆ. ಹೋದ ಸಲ ನಾನಿಲ್ಲದಾಗ ನೀನು ಓದಿದೆ. ಈ ಸಲ ನೀನು ಓದುವಾಗ ನಾನು ಎದುರಿಗೆ ಕೂತಿರುತ್ತೇನೆ. ಮೂವತ್ತನೇ ತಾರೀಕು, ಕೊಸರು ಹುಣ್ಣಿಮೆಯ ದಿನವೇ, ಬೆಳಿಗ್ಗೆ ಹತ್ತಕ್ಕೆ ಕಚೇರಿಗೆ ಬರುತ್ತೇನೆ. ಸ್ಟೇಷನ್ ಮಾಸ್ಟರು ರಜೆ ಬರೆದುಕೊಟ್ಟು, ಈ ಮನುಷ್ಯ ಹೋದರೆ ಗಾಡಿಗಳಾದರೂ ಸರಿಯಾದ ಕಡೆ ನಿಲ್ಲುತ್ತವೆ ಅಂದರು.

'ಪರಿಶೀಲಿಸಿದವರು' ಎಂಬ ಕಡೆ ಖಾಲಿ ಬಿಟ್ಟಿದ್ದೇನೆ. ಎಷ್ಟು ಹೊತ್ತು ಬೇಕಾದರೂ ನೋಡು. ಎಲ್ಲಾದರೂ ತಿದ್ದಬೇಕು ಅನ್ನಿಸಿದರೆ, ಕೇಳಿ ತಿದ್ದು.

ಜೋಳಿಗೆ